ಡಿಸ್ಕಿನ ಬಾಯಿಗೆ ಭಂಡಾರ

ನೀವಿಬ್ಬರೂ ಜಗಳವಾಡಿಕೊಂಡು ಹಿಡಿದೆಳೆಯುವ ಆ ಹಳೆಯ ಲ್ಯಾಪ್‌ಟಾಪಿನ ಗುಂಡಿಗಳ ಸಂದಿಯಲ್ಲಿ ಅಲ್ಲಲ್ಲಿ ಹಳದಿ ಕಾಣುತ್ತದಲ್ಲ, ಅದು ನಿಮ್ಮ ತಪ್ಪಲ್ಲ. ಮೊನ್ನೆ ಹಾಲು ಹಾಕಲು ಬಂದಾಕೆ ಅದನ್ನು ನೋಡಿ, "ಒಗ್ಗರಣಿ ಮಂಡಕ್ಕಿ ತಿಂದ ಕೈಲೇ ಮುಟ್ಯಾವ ನೋಡ್ರಿ ನಿಮ್ಮ ಮೊಮ್ಮಕ್ಕಳು," ಎಂದಳು. ನೀವು ಪೆಚ್ಚಾಗಿ ನಿಮ್ಮ ನಿಮ್ಮ ಕೈ ನೋಡಿಕೊಂಡಿರಿ. ನಾನು ಪಕ್ಕದಲ್ಲೇ ಇದ್ದೆ, ಏನೂ ಹೇಳಲಿಲ್ಲ. ಹೊರಗಿನವರ ಮುಂದೆ ನನಗೆ ಮಾತು ಬರುವುದು ಅವರು ಎದ್ದು ಹೋದ ಮೇಲೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ.

ಆ ಹಳದಿ ಮೈಲಾರಲಿಂಗಪ್ಪನ ಭಂಡಾರ. ನಮ್ಮ ದೇವರ ಅರಿಷಿಣದ ಪುಡಿ. ಅದು ಲ್ಯಾಪ್‌ಟಾಪಿನ ಹೊಟ್ಟೆಗೆ ಹೇಗೆ ಹೋಯಿತು ಎಂದು ಹೇಳಬೇಕಾದರೆ ನಾನು ಒಮ್ಮೆ ಕುಣಿದದ್ದನ್ನೂ ಹೇಳಬೇಕಾಗುತ್ತದೆ. ಓದುವಾಗ ನಗುವುದಾದರೆ ಹೊರಗೆ ಕುರಿಹಟ್ಟಿಯ ಹತ್ತಿರ ಹೋಗಿ ನಗಿ. ನನ್ನ ಕಿವಿಗೆ ಬೀಳದ ಹಾಗೆ.

ಕುಣಿದದ್ದು ನಿಮ್ಮ ಅಪ್ಪ ಅವ್ವನ ಮದುವೆಯ ಮೆರವಣಿಗೆಯಲ್ಲಿ. ಕಾನಹೊಸಹಳ್ಳಿಯಿಂದ ನಮ್ಮ ಊರಿಗೆ ತಿರುಗುವ ರಸ್ತೆಯಲ್ಲಿ ಹಲಗೆಯವರು ಜೋರು ಹಿಡಿದಿದ್ದರು. ಕೊಟ್ಟೂರಿನಲ್ಲಿ ಕೊಂಡ ಹೊಸ ಚಪ್ಪಲಿ ನನ್ನ ಹಿಮ್ಮಡಿಯನ್ನು ಕಚ್ಚುತ್ತಿತ್ತು. ನಾನು ಕುಂಟುವುದನ್ನು ನೋಡಿ ನಿಮ್ಮ ಅಜ್ಜ, "ಕುಂಟೋ ಬದ್ಲಿ ಕುಣದಬಿಡು. ಸೊಸಿ ಬಂದಳ. ಚಪ್ಪಲಿ ಇಲ್ಲಿ ಕೊಡು," ಎಂದರು. ಕೊಟ್ಟೆ. ಆಮೇಲೆ ಏನಾಯಿತೋ ನನಗೇ ತಿಳಿಯಲಿಲ್ಲ. ಹಲಗೆ ನಿಂತಾಗ ನಾನು ರಸ್ತೆಯ ನಡುವೆ, ಬರಿಗಾಲಿನಲ್ಲಿ, ಒಂದು ಕೈ ಮೇಲೆತ್ತಿಕೊಂಡು ನಿಂತಿದ್ದೆ.

ಅದನ್ನು ನಮ್ಮ ಮನೆಯವರು ಯಾರೂ ನೋಡಲಿಲ್ಲ. ನಿಮ್ಮಪ್ಪ ಮುಂದಿನ ಟ್ರ್ಯಾಕ್ಟರಿನಲ್ಲಿ ಬಾಸಿಂಗ ಕಣ್ಣಿಗೆ ಇಳಿಯದಂತೆ ಹಿಡಿದುಕೊಂಡು ಕೂತಿದ್ದ. ನಿಮ್ಮವ್ವ ಪಕ್ಕದಲ್ಲಿ ತಲೆ ತಗ್ಗಿಸಿದ್ದಳು. ಹಡಗಲಿ ಅಜ್ಜಿ, ಅಂದರೆ ನಿಮ್ಮ ಅಜ್ಜನ ಅಕ್ಕ, ಅಡಿಗೆಯವರು ತುಪ್ಪ ಕದಿಯುತ್ತಾರೆಂದು ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಮನೆಯಲ್ಲೇ ಉಳಿದಿದ್ದಳು. ಓಣಿಯ ಹೆಂಗಸರು ಆರತಿ ಹಿಡಿದು ಊರ ಬಾಗಿಲಲ್ಲಿ ಕಾಯುತ್ತಿದ್ದರು. ನಮ್ಮ ಕಡೆಯವರಲ್ಲಿ ನೋಡಿದವರು ನಿಮ್ಮ ಅಜ್ಜ ಒಬ್ಬರೇ. ಮನೆಗೆ ಬಂದವರೇ ಅಕ್ಕನಿಗೆ ಹೇಳಿದರು.

"ಸುಳ್ಳು," ಎಂದಳು ಹಡಗಲಿ ಅಜ್ಜಿ. "ಬಾಗಲ ಹಿಂದ ನಿಂತು ಮಾತಾಡಾಕಿ ಬೀದ್ಯಾಗ ಕುಣೀತಾಳ? ನಿನ್ನ ಕಣ್ಣಾಗ ಹೊಗಿ ಹೋಗೈತಿ."

"ದೇವರಾಣೆ ಅಕ್ಕಾ. ಕಣ್ಣಾರೆ ನೋಡೀನಿ."

"ಏ ಹುಡುಗೀ, ಕುಣದೇನ ನೀನು?"

ನಾನು ಬಾಗಿಲ ಹಿಂದೆ ಹೋಗಿ ನಿಂತೆ. "ನೋಡಿದ್ಯಾ?" ಎಂದಳು ತಮ್ಮನಿಗೆ, ಗೆದ್ದವಳ ಹಾಗೆ. ಅಕ್ಕ ತಮ್ಮನ ಈ ವಾದ ಹಬ್ಬ ಹುಣ್ಣಿಮೆಗೊಮ್ಮೆ ಏಳುತ್ತಿತ್ತು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಿಮ್ಮ ಅಜ್ಜ ತಮ್ಮ ಮಾತನ್ನು ಗೆಲ್ಲಿಸಿಕೊಳ್ಳದೆಯೇ ಹೋಗಿಬಿಟ್ಟರು.

ಆದರೆ ಕೊಟ್ಟೂರಿನಿಂದ ಬಂದ ಕ್ಯಾಮೆರಾದವನೊಬ್ಬ ಆ ದಿನ ಮೆರವಣಿಗೆಯ ಮುಂದೆ ಹಿಂದಡಿಯಿಡುತ್ತ ವಿಡಿಯೋ ತೆಗೆದಿದ್ದ. ಅದನ್ನು ಪೆನ್‌ಡ್ರೈವಿನಲ್ಲಿ ಕೊಟ್ಟ. ನಿಮ್ಮಪ್ಪ ಲ್ಯಾಪ್‌ಟಾಪಿಗೆ ತುಂಬಿಸಿಟ್ಟು ಪೆನ್‌ಡ್ರೈವನ್ನು ಎಲ್ಲೋ ಕಳೆದ. ಇಡೀ ದಿನದ ಮದುವೆಯನ್ನು ಇನ್ನೊಮ್ಮೆ ಕೂತು ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ಅದು ಅಲ್ಲೇ ಬಿದ್ದಿತ್ತು. ನನಗದು ಬೇಕಾಗಿದ್ದದ್ದೇ ಹಾಗೆ.

ನಿಮ್ಮಲ್ಲಿ ದೊಡ್ಡವನೇ, ನೀನು ಆಗ ಜೋಲಿಯಲ್ಲಿದ್ದೆ. ಸಣ್ಣವಳು ಇನ್ನೂ ಹುಟ್ಟಿರಲಿಲ್ಲ. ಹಡಗಲಿ ಅಜ್ಜಿ ಕೂಸನ್ನು ನೋಡಲು ಬಂದಳು. ಸೊಂಟದಲ್ಲಿ ಭಂಡಾರದ ಚೀಲ, ಕೈಯಲ್ಲಿ ಉಂಡಿ ಡಬ್ಬಿ. ಬಂದು ನೀರು ಕುಡಿಯುವ ಮೊದಲೇ ನಿಮ್ಮವ್ವನನ್ನು ಕೇಳಿದಳು: "ಯವ್ವಾ ಸೊಸೀ, ನಿನ್ನ ಮದಿವಿ ಇಡಿಯೋ ಐತಂತಲ್ಲ ಆ ಪೆಟ್ಟಿಗ್ಯಾಗ. ಇವತ್ತು ಹಚ್ಚು. ನನ್ನ ತಮ್ಮ ಖರೇ ಹೇಳಿದ್ನೋ ಸುಳ್ಳು ಹೇಳಿದ್ನೋ ತೀರ್ಮಾನ ಆಗಿಬಿಡ್ಲಿ. ನಾನೂ ಎಷ್ಟ ದಿನ ಇರ್ತೀನಿ?"

ನಾನು ತಟ್ಟುತ್ತಿದ್ದ ರೊಟ್ಟಿ ಕೈಯಲ್ಲೇ ಹರಿಯಿತು.

ನಿಮ್ಮಪ್ಪ ಆ ಬೆಳಿಗ್ಗೆ ಮೆಕ್ಕೆಜೋಳ ಹೇರಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋಗಿದ್ದ. ಅವನಿಗೆ ಫೋನು ಹೋಯಿತು: ಬರುವಾಗ ಲ್ಯಾಪ್‌ಟಾಪನ್ನು ಟಿವಿಗೆ ಹಚ್ಚುವ ವೈರು ತಾ. ಹಡಗಲಿ ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಅಂಗಳದಲ್ಲಿ ನಿಂತು ಓಣಿಗೆಲ್ಲ ಸಾರಿದಳು. "ಸಂಜಿಕಿ ಬರ್ರೆವ್ವಾ ಎಲ್ಲಾರೂ! ನಮ್ಮ ಹುಡುಗಿ ಕುಣದದ್ದು ಟಿವ್ಯಾಗ ಬರ್ತೈತಿ. ಬರ್ಲಿಲ್ಲಂದ್ರ ನನ್ನ ತಮ್ಮ ಸುಳ್ಳುಗಾರ!"

ಓಣಿಯ ಹೆಂಗಸರ ಮುಂದೆ, ಟಿವಿಯಲ್ಲಿ, ಅಷ್ಟಗಲ ನಾನು. ಯೋಚಿಸಿಯೇ ನನ್ನ ಕಿವಿ ಬಿಸಿಯಾಯಿತು. ಒಲೆಯ ಮುಂದೆ ಕೂತು ಮೈಲಾರಪ್ಪನಿಗೆ ಹೇಳಿಕೊಂಡೆ: ಸ್ವಾಮೀ, ಹೇಗಾದರೂ ಮಾಡಿ ಆ ವಿಡಿಯೋ ಮಾಯ ಮಾಡು.

ಇಷ್ಟು ಬೇಗ ಕೇಳಿಸಿಕೊಳ್ಳುತ್ತಾನೆಂದು ಯಾರಿಗೆ ಗೊತ್ತಿತ್ತು?

ಆ ಲ್ಯಾಪ್‌ಟಾಪು ನಿಮ್ಮವ್ವನ ತವರಿನದು. ಬಾಗಳಿಯ ನಿಮ್ಮ ಮಾವ ತಾನು ಬಳಸಿ ಅಕ್ಕನಿಗೆ ಕೊಟ್ಟಿದ್ದ. ಅದರಲ್ಲಿ ಲಿನಕ್ಸ್ ಎಂಬುದನ್ನು ಹಾಕಿದ್ದ. ಲಿನಕ್ಸ್ ಎಂದರೇನೆಂದು ನನಗೆ ಈಗಲೂ ಗೊತ್ತಿಲ್ಲ. ನಿಮ್ಮವ್ವ ಅದರ ಬಗ್ಗೆ ಮಾತಾಡುವಾಗ ತವರಿನ ಎಮ್ಮೆಯ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದಳು. ರೋಗ ಬರುವುದಿಲ್ಲ, ಒದೆಯುವುದಿಲ್ಲ, ಹೇಳಿದಂತೆ ಕೇಳುತ್ತದೆ. ಆದರೆ ಆಗ ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಅರಚುತ್ತಿತ್ತು. "ಸಂಜೆ ಅಷ್ಟೊತ್ತು ವಿಡಿಯೋ ಓಡ್ಸಬೇಕಂದ್ರೆ ಮೊದಲು ಧೂಳು ತೆಗೀಬೇಕು ಅತ್ತೀ," ಎಂದು ನಿಮ್ಮವ್ವ ಕೂಸನ್ನು ಜೋಲಿಗೆ ಹಾಕಿ, ಪಡಸಾಲೆಯಲ್ಲಿ ಚಾದರ ಹಾಸಿ, ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ ಬಿಚ್ಚಿದಳು. ತಿರುಪುಗಳನ್ನು ಕಳೆಯದಂತೆ ಒಂದು ಬಟ್ಟಲಿಗೆ ಹಾಕಿದಳು. ಒಳಗಿನ ಧೂಳು ತೆಗೆಯಲು ಅಡ್ಡ ಬರುತ್ತಿದ್ದ ಚಪ್ಪಟೆ ಡಬ್ಬಿಯೊಂದನ್ನು ಎಳೆದು ಹೊರಗಿಟ್ಟಳು.

"ಅದೇನವ್ವಾ?" ಎಂದಳು ಹಡಗಲಿ ಅಜ್ಜಿ.

"ಹಾರ್ಡ್ ಡಿಸ್ಕು, ದೊಡ್ಡತ್ತೀ. ಕೂಸಿನ ಫೋಟೋ, ಮದುವೆ ವಿಡಿಯೋ, ಎಲ್ಲಾ ಇದ್ರಾಗೇ ಇರೋದು."

"ಇಷ್ಟರಾಗ ಮೆರವಣಿಗಿ ಹಿಡೀತ?"

ಬಣ್ಣ ಹಚ್ಚುವ ಕುಂಚದಿಂದ ಧೂಳು ತೆಗೆದಾಯಿತು. ಡಿಸ್ಕನ್ನು ಮತ್ತೆ ಅದರ ಜಾಗಕ್ಕೆ ಇಡುವ ಹೊತ್ತಿಗೆ ಹಡಗಲಿ ಅಜ್ಜಿ, "ತಡಿ ತಡಿ," ಎಂದು ನಿಮ್ಮವ್ವನ ಕೈ ಹಿಡಿದಳು.

ನಮ್ಮ ಮನೆತನದ ಪದ್ಧತಿ ನಿಮಗೂ ಗೊತ್ತಿದೆ. ಬಾಗಿಲ ಚೌಕಟ್ಟು ನಿಲ್ಲಿಸುವಾಗ, ಬೋರಿಗೆ ಮೋಟಾರು ಇಳಿಸುವಾಗ, ಒರಳು ಹೂಳುವಾಗ, ಯಾವುದನ್ನು ಅದರ ಜಾಗದಲ್ಲಿ ಕೂಡಿಸಿದರೂ ಮೊದಲು ಆ ಜಾಗಕ್ಕೊಂದು ಚಿಟಿಕೆ ಭಂಡಾರ ಬೀಳಬೇಕು. ಬಿದ್ದ ಭಂಡಾರವನ್ನು ಬೇಡ ಎನ್ನಬಾರದು, ಬಾಯಿಂದ ಊದಬಾರದು, ಬಟ್ಟೆಯಿಂದ ಒರೆಸಬಾರದು, ಕಸಬರಿಗೆ ತಾಗಿಸಬಾರದು. ಹಡಗಲಿ ಅಜ್ಜಿ ಚೀಲ ಬಿಚ್ಚಿ, "ಏಳು ಕೋಟಿ ಏಳು ಕೋಟಿಗೋ," ಎಂದು ಮೈಲಾರಪ್ಪನ ಜಯಕಾರ ಹಾಕಿ ಡಿಸ್ಕು ಕೂಡುವ ಜಾಗಕ್ಕೆ ಉದುರಿಸಿದಳು. ಚಿಟಿಕೆ ಎಂದರೆ ಅವಳ ಚಿಟಿಕೆ. ಕುರಿ ಉಣ್ಣೆ ಕತ್ತರಿಸಿ ಬೆಳೆದ ಬೆರಳುಗಳು.

"ಚಾಂಗಮಲೋ," ಎಂದೆ ನಾನು. ನಿಮ್ಮವ್ವನೂ ಅಂದಳು. ಡಿಸ್ಕು ಒಳಗೆ ಹೋಯಿತು. ಮುಚ್ಚಳ ಬಿತ್ತು. ನಮಗೆ ಯಾರಿಗೂ ಏನೂ ಅನಿಸಲಿಲ್ಲ. ದೀಪ ಹಚ್ಚಿದ ಮೇಲೆ ಕೈ ಮುಗಿದದ್ದನ್ನು ಯಾರು ನೆನಪಿಡುತ್ತಾರೆ?

ಲ್ಯಾಪ್‌ಟಾಪು ಚಾಲೂ ಮಾಡಿದರೆ ಕಪ್ಪು ಪರದೆ. ಅದರ ಮೇಲೆ ಒಂದೇ ಸಾಲು ಇಂಗ್ಲಿಷು.

"ಏನಂತೈತಿ?"

"ಡಿಸ್ಕು ಸಿಗಲಿಲ್ಲ ಅಂತೈತೆ ದೊಡ್ಡತ್ತೀ."

"ಈಗಷ್ಟೇ ಕಣ್ಣ ಮುಂದ ಇಟ್ಟೀಯಲ್ಲೇ!"

ನಿಮ್ಮವ್ವ ಬಾಗಳಿಗೆ ಫೋನು ಹಚ್ಚಿದಳು. ನಿಮ್ಮ ಮಾವನ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಅವನು ಕಲ್ಲೇಶ್ವರನ ಗುಡಿಯ ಹತ್ತಿರ ಬಂದು ನಿಂತು ಮಾತಾಡಬೇಕು. ಅವನ ಮಾತಿನ ನಡುನಡುವೆ ಗುಡಿಯ ಗಂಟೆಯೂ ಕೇಳುತ್ತಿತ್ತು. ಹಡಗಲಿ ಅಜ್ಜಿ ಪ್ರತಿ ಗಂಟೆಗೂ ಇಲ್ಲಿಂದಲೇ ಕೈ ಮುಗಿಯುತ್ತಿದ್ದಳು.

"ಅಕ್ಕ, ನಾನು ಕೊಟ್ಟಿದ್ದು ಪೆನ್‌ಡ್ರೈವ್ ಐತಲ್ಲ, ಲಿನಕ್ಸ್ ಇರೋದು, ಅದನ್ನ ಚುಚ್ಚಿ ಚಾಲೂ ಮಾಡು."

ಚುಚ್ಚಿದಳು. ಪರದೆ ಬಣ್ಣ ಬಣ್ಣವಾಗಿ ಎದ್ದಿತು. ಆದರೆ ಅದು ಪೆನ್‌ಡ್ರೈವಿನೊಳಗಿನ ಲಿನಕ್ಸ್ ಅಂತೆ. ಬೇರೆಯವರ ಮನೆಯ ಅಡುಗೆ ತಂದು ನಮ್ಮ ತಾಟಿನಲ್ಲಿ ಬಡಿಸಿದ ಹಾಗೆ. ನಮ್ಮದು ಅದರಲ್ಲಿ ಏನೂ ಇರಲಿಲ್ಲ. ನಿಮ್ಮವ್ವ ಒಂದು ಕರಿ ಕಿಟಕಿ ತೆರೆದು, ತಮ್ಮ ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದಳು.

"ಎಲ್, ಎಸ್, ಬಿ, ಎಲ್, ಕೆ. ಈಗ ಎಂಟರ್ ಒತ್ತು. ಯಾವ್ಯಾವ ಡಿಸ್ಕು ಅದಾವೆ ಅಂತ ತೋರಿಸ್ತೈತೆ."

"ಪೆನ್‌ಡ್ರೈವ್ ಒಂದೇ ಐತೆ ಕಣೋ. ದೊಡ್ಡದು ಇಲ್ಲ."

"ಹಂಗಾದ್ರೆ ಬಯಾಸ್‌ನಾಗೆ ನೋಡು. ಆಫ್ ಮಾಡಿ, ಆನ್ ಆಗ್ತಿದ್ದಂಗೇ ಆ ಮೇಲಿನ ಗುಂಡಿ ಟಪಟಪ ಒತ್ತು."

ಟಪಟಪ ಒತ್ತಿದಳು. ನೀಲಿ ಪುಟವೊಂದು ಬಂತು. ಲ್ಯಾಪ್‌ಟಾಪು ಹುಟ್ಟಿದಾಗಿನಿಂದ ಅದರ ತಲೆಯಲ್ಲೇ ಇರುವ ಪುಟವಂತೆ ಅದು. ಅಲ್ಲಿಯೂ ಡಿಸ್ಕಿನ ಹೆಸರಿಲ್ಲ.

"ಬಯಾಸ್‌ಗೇ ಕಾಣಿಸ್ತಿಲ್ಲ ಅಂದ್ರೆ ಲಿನಕ್ಸ್ ಏನು ಮಾಡ್ತೈತೆ ಪಾಪ," ಎಂದ ನಿಮ್ಮ ಮಾವ. ಲಿನಕ್ಸಿನ ಮೇಲೆ ಮಾತು ಬರಲು ಅವನು ಬಿಡುವುದಿಲ್ಲ. "ಡಿಸ್ಕು ಸರಿಯಾಗಿ ಕೂತಿಲ್ಲ. ಬಿಚ್ಚಿ, ತೆಗೆದು, ಮತ್ತೆ ಕೂಡ್ಸು."

ಮತ್ತೆ ಬಿಚ್ಚಿದ್ದಾಯಿತು. ತೆಗೆದಾಯಿತು. ಮತ್ತೆ ಕೂಡಿಸುವುದೆಂದರೆ ಮತ್ತೆ ಕೂಡಿಸುವುದೇ ಅಲ್ಲವೇ? ಹಡಗಲಿ ಅಜ್ಜಿ ಚೀಲದ ಬಾಯಿ ಬಿಚ್ಚಿದಳು. "ಏಳು ಕೋಟಿಗೋ!"

"ಚಾಂಗಮಲೋ!" ಎಂದೆವು. ಫೋನಿನಲ್ಲಿ ನಿಮ್ಮ ಮಾವನೂ ಭಕ್ತಿಯಿಂದ, "ಚಾಂಗಮಲೋ," ಎಂದ. ದೊಡ್ಡವರು ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡಿದ್ದನಂತೆ.

ಡಿಸ್ಕು ಕಾಣಲಿಲ್ಲ.

"ಬ್ಯಾಟರಿ ತೆಗೆದಿಟ್ಟು, ಚಾಲೂ ಮಾಡೋ ಗುಂಡೀನ ಒತ್ತಿ ಹಿಡಿ. ಒಳಗೆ ಉಳಿದಿರೋ ಕರೆಂಟ್ ಎಲ್ಲಾ ಇಳೀಲಿ."

ಆ ಕೆಲಸವನ್ನು ಹಡಗಲಿ ಅಜ್ಜಿ ತಾನೇ ವಹಿಸಿಕೊಂಡಳು. ಕುರಿಗೆ ಔಷಧ ಕುಡಿಸುವಾಗ ದವಡೆ ಹಿಡಿಯುವಂತೆ ಹಿಡಿದಳು. "ಇಳೀತೇನು? ಇನ್ನೂ ಹಿಡೀಲೇನು?" ಎಂದು ಕೇಳುತ್ತಲೇ ಇದ್ದಳು. ಬಿಡು ಎಂದು ಹೇಳಲು ನಿಮ್ಮ ಮಾವ ಮರೆತು ಯಾರೊಂದಿಗೋ ಮಾತಾಡುತ್ತ ನಿಂತಿದ್ದ. ಕರೆಂಟಿನ ಜೊತೆ ಅವಳ ಬೆರಳಿನ ಬಲವೂ ಇಳಿಯಿತು. ಆದರೂ ಡಿಸ್ಕು ಕಾಣಲಿಲ್ಲ.

"ಇನ್ನೊಮ್ಮೆ ತೆಗೆದು ಕೂಡ್ಸಕ್ಕ. ಸ್ವಲ್ಪ ಒತ್ತಿ ಕೂಡ್ಸು."

"ಏಳು ಕೋಟಿಗೋ!"

ಹೀಗೆ ಅವನು ಕೂಡಿಸು ಎಂದಾಗಲೆಲ್ಲ ಇವಳು ಉದುರಿಸಿದಳು. ಕೆಲಸ ಆಗದಿದ್ದರೆ ಭಂಡಾರ ಸಾಲಲಿಲ್ಲ ಎಂದು ಅವಳ ಲೆಕ್ಕ. ಮುಂದಿನ ಸಲ ಚಿಟಿಕೆ ಇನ್ನಷ್ಟು ದಪ್ಪವಾಗುತ್ತಿತ್ತು. ನಾನು ಪಕ್ಕದಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದೆ. ಸುಳ್ಳು ಯಾಕೆ ಹೇಳಲಿ, ಪ್ರತಿ ಸಲ ಇಲ್ಲ ಎಂದಾಗ ಕಾಳಿನ ಮೊರ ನನ್ನ ಕೈಯಲ್ಲಿ ಹಗುರವಾಗುತ್ತಿತ್ತು.

ಕೊನೆಗೆ ನಿಮ್ಮ ಮಾವ, "ಡಿಸ್ಕು ತಿರುಗ್ತೈತಾ? ಕಿವಿ ಇಟ್ಟು ಕೇಳು," ಎಂದ.

ಲ್ಯಾಪ್‌ಟಾಪಿನ ಬೆನ್ನಿಗೆ ಮೊದಲು ನಿಮ್ಮವ್ವ ಕಿವಿ ಇಟ್ಟಳು. ಅಷ್ಟರಲ್ಲಿ ಜೋಲಿಯಲ್ಲಿ ನೀನು ಕುಂಯ್ ಎಂದೆ. ನಿನ್ನನ್ನು ತೂಗಲು ಅವಳು ಎದ್ದಳು. ಹಡಗಲಿ ಅಜ್ಜಿ ಮಂಡಿಯೂರಿ ಕಿವಿ ಇಟ್ಟಳು. ಹೊರಗೆ ಕೋಳಿ ಕೂಗಿತು. "ಶ್!" ಎಂದಳು ಕೋಳಿಗೆ. ಆಮೇಲೆ ಮುಖ ಅರಳಿಸಿ, "ತಿರುಗಾಕತ್ತೈತಿ! ಜೀವ ಐತಿ!" ಎಂದಳು.

ನನ್ನನ್ನೂ ಕರೆದಳು. ನಾನೂ ಕಿವಿ ಇಟ್ಟೆ. ದೂರದಲ್ಲಿ ಬೀಸುವ ಕಲ್ಲು ತಿರುಗಿದ ಹಾಗೆ ಸಣ್ಣ ಸದ್ದು.

"ತಿರುಗ್ತೈತೆ ಅಂದ್ರೆ ಕರೆಂಟ್ ಹೋಗ್ತೈತೆ," ಎಂದ ನಿಮ್ಮ ಮಾವ. "ಆದ್ರೆ ಅದ್ರ ಮಾತು ಹೊರಗೆ ಬರ್ತಿಲ್ಲ."

ಒಳಗೆ ಎಲ್ಲ ತಿರುಗುತ್ತಿದೆ, ಹೊರಗೆ ಮಾತು ಬರುತ್ತಿಲ್ಲ. ನನಗೆ ಆ ಡಿಸ್ಕಿನ ಮೇಲೆ ಅಕ್ಕರೆ ಬಂದುಬಿಟ್ಟಿತು.

"ಅಕ್ಕ, ಬೇಜಾರು ಮಾಡ್ಕಬೇಡ," ಎಂದು ಅವನು ಮುಂದುವರಿಸಿದ. "ಕೆಟ್ಟಿದ್ರೂ ಕೆಟ್ಟಿರಬೌದು. ಇದ್ದದ್ದೆಲ್ಲಾ ಹೋದಂಗೆ ಅನ್ಕೊ."

ನಿಮ್ಮವ್ವ ಜೋಲಿಯ ಹಗ್ಗ ಹಿಡಿದು ಹಾಗೇ ನಿಂತಳು. "ಇವನು ಹುಟ್ಟಿದ ದಿನದ ಫೋಟೋ ಅದ್ರಾಗೇ ಐತೆ," ಎಂದಳು. "ನನ್ನ ಹಳೇ ಫೋನೂ ಕೆಟ್ಟೈತೆ. ಬೇರೆ ಕಡೆ ಎಲ್ಲೂ ಇಲ್ಲ." ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಸಿವಿಸಿ ಆಗುತ್ತಿರಲಿಲ್ಲ.

ನಾನು ಮೊರ ಕೆಳಗಿಟ್ಟು ದೇವರ ಗೂಡಿನ ಮುಂದೆ ಹೋಗಿ ನಿಂತೆ. ಮೈಲಾರಪ್ಪಾ, ನಾನು ಹೇಳಿದ್ದರಲ್ಲಿ ಸ್ವಲ್ಪ ಬದಲಾವಣೆ ಇದೆ. ಕೂಸಿನ ಫೋಟೋ ಸಿಗಲಿ, ನಾನು ಕುಣಿದದ್ದು ಮಾತ್ರ ಸಿಗದಿರಲಿ. ಅಷ್ಟು ಬಿಡಿಬಿಡಿಯಾಗಿ ಕೊಡಲು ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ದೇವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಅಷ್ಟರಲ್ಲಿ ನಿಮ್ಮ ಮಾವ, "ಕೊನೇ ಸಲ ಬಿಚ್ಚಕ್ಕ. ವಿಡಿಯೋ ಕಾಲ್ ಮಾಡು, ನಾನೇ ನೋಡ್ತೀನಿ," ಎಂದ. ನಿಮ್ಮವ್ವ ಬಿಚ್ಚಿ, ಡಿಸ್ಕು ತೆಗೆದು, ಫೋನನ್ನು ಅದರ ಮೇಲೆ ಹಿಡಿದಳು.

"ಅಕ್ಕ, ಅಲ್ಲಿ ಹಳದಿ ಹಳದಿ ಕಾಣ್ತೈತಲ್ಲ. ಏನದು?"

ನಿಮ್ಮವ್ವ ಬಗ್ಗಿ ನೋಡಿದಳು. "ಭಂಡಾರ," ಎಂದಳು, ಸಹಜವಾಗಿ. ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೇ ಕೇಳಿಸಿತು.

"ಲ್ಯಾಪ್‌ಟಾಪ್ ಒಳಗಾ?"

"ಡಿಸ್ಕಿನ ಬಾಯೊಳಗೆ. ತಗ್ಗಿನೊಳಗೂ ತುಂಬೈತೆ."

"ಯಾರು ಹಾಕಿದ್ದು?"

"ನಾನಪ್ಪಾ!" ಎಂದಳು ಹಡಗಲಿ ಅಜ್ಜಿ ಫೋನಿಗೆ ಮುಖ ತುಂಬಿಸಿ. "ನೀನೂ ಚಾಂಗಮಲೋ ಅಂದೀಯಲ್ಲ!"

ಅವನು ಫೋನನ್ನು ಕೆಳಗಿಳಿಸಿದ. ನಮಗೆ ಗುಡಿಯ ನೆಲ ಕಾಣಿಸಿತು. ಮತ್ತೆ ಎತ್ತಿ, ಮರ್ಯಾದೆಯಿಂದ ಹೇಳಿದ. "ಅಜ್ಜೀ, ತಪ್ಪು ತಿಳ್ಕಬ್ಯಾಡ್ರಿ. ಡಿಸ್ಕಿಗೆ ಚಿನ್ನದ ಬಣ್ಣದ ಸಣ್ಣ ಹಲ್ಲು ಇರ್ತಾವೆ. ಅವು ಆ ತಗ್ಗಿಗೆ ತಾಗಿದ್ರೇನೇ ಮಾತು ಹೊರಗೆ ಬರೋದು. ಮಧ್ಯೆ ಪುಡಿ ಕೂತೈತೆ. ಕುಂಚದಿಂದ ಉದುರಿಸಿ, ರಬ್ಬರಿನಿಂದ ಹಲ್ಲು ತಿಕ್ಕಿದ್ರೆ ಸಾಕು."

"ಉದುರಿಸೋದ?" ಹಡಗಲಿ ಅಜ್ಜಿಯ ದನಿ ಏರಿತು. "ಮೈಲಾರಪ್ಪನ ಭಂಡಾರನ ಕಸದ್ಹಂಗ ಉದುರಸ್ತೀರಿ? ಬ್ಯಾಡ. ಡಿಸ್ಕು ಹೋದ್ರ ಹೋಗ್ಲಿ."

ನಿಮ್ಮವ್ವ ನನ್ನ ಮುಖ ನೋಡಿದಳು. ಹಿರಿಯಳ ಮಾತಿಗೆ ಎದುರಾಡುವ ಹಾಗಿಲ್ಲ. ಎದುರಾಡಬಹುದಾದರೆ ಆ ಮನೆಯ ಹಿರಿಯಳಾಗಿ ನಾನು ಆಡಬೇಕು. ಮದುವೆಯಾಗಿ ಬಂದಂದಿನಿಂದ ನಾನು ಆ ಅಕ್ಕನಿಗೆ ಎದುರು ಮಾತು ಆಡಿದವಳಲ್ಲ. ಈಗ ಸುಮ್ಮನಿದ್ದರೂ ಸಾಕಿತ್ತು. ಸುಮ್ಮನಿರುವುದು ನನಗೆ ಬಹಳ ಚೆನ್ನಾಗಿ ಬರುತ್ತಿತ್ತು. ಡಿಸ್ಕು ಹೋಗುತ್ತಿತ್ತು, ಓಣಿಯ ಹೆಂಗಸರು ಸಂಜೆ ಬಂದು ಚಹಾ ಕುಡಿದು ಹೋಗುತ್ತಿದ್ದರು, ನಾನು ಕುಣಿಯದೇ ಇದ್ದವಳಾಗಿಯೇ ಉಳಿಯುತ್ತಿದ್ದೆ.

ಜೋಲಿಯಿಂದ ನಿನ್ನ ಒಂದು ಕಾಲು ಹೊರಗೆ ಬಂದಿತ್ತು.

"ಅಕ್ಕಾ," ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಎಂದೆ. "ಅಕ್ಕಾ, ಉದುರಿಸೋದು ಬ್ಯಾಡ್ರಿ. ಬಿಳೀ ಬಟ್ಟಿ ಮ್ಯಾಗ ಹಿಡಕೊಳ್ಳೋಣು. ಎಲ್ಲಾರೂ ಹಣಿಗೆ ಹಚ್ಚಿಕೊಂಡ್ರ ಆತು. ಒಂದು ಕಣಾನೂ ಕೆಳಗ ಬೀಳೂದಿಲ್ಲ."

ಹಡಗಲಿ ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಬಾಯಿ ಬಂತೇನ ನಿನಗ?" ಎಂದಳು. ಚೀಲದ ಬಾಯಿ ಬಿಗಿದು, "ಬಟ್ಟಿ ತೊಳದದ್ದ ಇರ್ಲಿ," ಎಂದಳು.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಮಗ್ಗುಲಾಗಿ ಎತ್ತಿ ಹಿಡಿದ ಲ್ಯಾಪ್‌ಟಾಪಿನ ಕೆಳಗೆ ನಾವಿಬ್ಬರು ಮುದುಕಿಯರು ಬಿಳಿ ಪಂಚೆಯ ಎರಡು ತುದಿ ಹಿಡಿದು ಕೂತೆವು. ನಿಮ್ಮವ್ವ ಕುಂಚದಿಂದ ಕೆದಕಿದಳು. ಒಂದಿಷ್ಟು ಪುಡಿ ಗುಂಡಿಗಳ ಸಂದಿಗೂ ಜಾರಿತು. ನೀವು ಈಗಲೂ ಕಾಣುತ್ತಿರುವುದು ಅದನ್ನೇ. ಡಿಸ್ಕಿನ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿದಳು. ಬಟ್ಟೆಗೆ ಬಿದ್ದ ಭಂಡಾರದಲ್ಲಿ ಲ್ಯಾಪ್‌ಟಾಪಿನ ಧೂಳೂ ಸೇರಿ ಅದು ಸಾರಿನ ಪುಡಿಯ ಬಣ್ಣಕ್ಕೆ ಬಂದಿತ್ತು. ಅದನ್ನೇ ಹಣೆಗೆ ಹಚ್ಚಿಕೊಂಡೆವು. ನಾನು ಕುಂಕುಮ ಬಿಟ್ಟು ಆಗಲೇ ವರ್ಷಗಳಾಗಿದ್ದವು. ಭಂಡಾರಕ್ಕೆ ಆ ಭೇದವಿಲ್ಲ. ಹಡಗಲಿ ಅಜ್ಜಿ ನನ್ನ ಹಣೆಗೆ ಬಳಿದದ್ದು ಹುಬ್ಬು ಮುಚ್ಚುವಷ್ಟಿತ್ತು. ಮಿಕ್ಕಿದ್ದನ್ನು ನಿನ್ನ ಹಣೆಗೆ, ತಿರುಪಿನ ಬಟ್ಟಲಿಗೆ, ಹೊಸ್ತಿಲಿಗೆ ಹಚ್ಚಿದಳು. ವಿಡಿಯೋ ಕಾಲಿನಲ್ಲಿದ್ದ ನಿಮ್ಮ ಮಾವನಿಗೂ, ಫೋನಿನ ಗಾಜಿನ ಮೇಲೆ, ಅವನ ಹಣೆ ಇರುವ ಜಾಗ ನೋಡಿ ಹಚ್ಚಿದಳು. ಅವನು ಬೇರೇನೂ ತೋಚದೆ ಕೈ ಮುಗಿದ.

ಡಿಸ್ಕು ಕೂಡಿಸುವ ಹೊತ್ತಿಗೆ ಅವಳ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. "ದೊಡ್ಡತ್ತೀ!" ಎಂದು ನಿಮ್ಮವ್ವ, "ಅಜ್ಜೀ!" ಎಂದು ಬಾಗಳಿಯಿಂದ ನಿಮ್ಮ ಮಾವ ಒಟ್ಟಿಗೇ ಕೂಗಿದರು. ಅವಳು ಕೈ ಹಿಂ‍ದೆಗೆದುಕೊಂಡು, ಮುಚ್ಚಳ ಬಿದ್ದ ಮೇಲೆ ಹೊರಗಿನಿಂದ ಒಂದೇ ಒಂದು ಕಣ ಇಟ್ಟಳು.

ನಿಮ್ಮವ್ವ ಗುಂಡಿ ಒತ್ತಿದಳು. ನೀಲಿ ಪುಟದಲ್ಲಿ ಡಿಸ್ಕಿನ ಹೆಸರು ಬಂತು. ಮೊದಲ ಫೋಟೋ ತೆರೆದಾಗ ನೀನು ಕೆಂಪಗೆ, ಮುಷ್ಟಿ ಬಿಗಿದು, ಯಾರ ಮೇಲೋ ಸಿಟ್ಟಾಗಿದ್ದೆ. ನಿಮ್ಮವ್ವ ಆಗ ಅತ್ತಳು.

ಸಂಜೆ ನಿಮ್ಮಪ್ಪ ವೈರು ಹಿಡಿದು ಬಂದವನು ಬಾಗಿಲಲ್ಲೇ ನಿಂತ. "ಏನವ್ವಾ, ಯಾವ ಹಬ್ಬ ಇವತ್ತು? ಕೂಸಿಗೂ ಬಳದೀರಿ!"

"ಒಳಗ ಬಾರಲೇ, ವೈರು ಹಚ್ಚು," ಎಂದಳು ಹಡಗಲಿ ಅಜ್ಜಿ.

ಓಣಿಯ ಹೆಂಗಸರೆಲ್ಲ ಬಂದಿದ್ದರು. ಚಾಪೆ ಸಾಲದೆ ಜೋಳದ ಚೀಲದ ಮೇಲೆ ಕೂತಿದ್ದರು. ನಾನು ಬಾಗಿಲ ಹಿಂದೆ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಂದೇ ಕಣ್ಣಿನಿಂದ ನೋಡುತ್ತಿದ್ದೆ. ಟಿವಿಯಲ್ಲಿ ಟ್ರ್ಯಾಕ್ಟರು ಬಂತು. ಹಲಗೆಯವರು ಬಂದರು. ನಾನು ಕುಣಿದ ಜಾಗದ ಬೇವಿನ ಮರ ಬಂತು.

ಆಮೇಲೆ ಕ್ಯಾಮೆರಾದ ಮುಂದೆ ಅಡ್ಡ ಬಂದು ನಿಂತರು, ನಿಮ್ಮ ಅಜ್ಜ. ತಲೆಗೆ ಸುತ್ತಿದ ಪಟಗ ಒಂದು ಕಡೆ ವಾಲಿದೆ. ಬಾಯಿ ತುಂಬ ಎಲೆ ಅಡಿಕೆ. ಎರಡೂ ಕೈಯಲ್ಲಿ ನನ್ನ ಚಪ್ಪಲಿಗಳು. ಹಲಗೆಯ ಪೆಟ್ಟಿಗೆ ಸರಿಯಾಗಿ ಆ ಎರಡು ಚಪ್ಪಲಿಗಳನ್ನು ಒಂದಕ್ಕೊಂದು ಬಡಿದು ತಾಳ ಹಾಕುತ್ತಿದ್ದಾರೆ. ಫಟ್, ಫಟ್. ಕ್ಯಾಮೆರಾದವನು ಎಡಕ್ಕೆ ಸರಿದರೆ ಇವರೂ ಎಡಕ್ಕೆ ಸರಿದಿದ್ದಾರೆ. ಬಲಕ್ಕೆ ಸರಿದರೆ ಇವರೂ ಬಲಕ್ಕೆ. ಅವರ ಭುಜದ ಆಚೆ ನನ್ನ ಮೊಣಕೈ ಒಂದು ಸಲ ಕಂಡಿತು. ಮತ್ತೊಂದು ಸಲ ಬಳೆ ಇದ್ದ ಕೈ ಮೇಲೆದ್ದು ಇಳಿಯಿತು. ಅಷ್ಟೇ. ಹಲಗೆ ನಿಂತಿತು.

ಮೊದಲು ಎಲ್ಲರೂ ನಕ್ಕರು. ಚಪ್ಪಲಿಯ ತಾಳಕ್ಕೆ ನಗದೆ ಇರುವುದು ಹೇಗೆ? ಹಡಗಲಿ ಅಜ್ಜಿ ಮಾತ್ರ ಟಿವಿಯ ಹತ್ತಿರಕ್ಕೆ ಸರಿದು ಕೂತಳು. "ತಡಿಯಪ್ಪಾ, ಇನ್ನೊಮ್ಮಿ ಹಚ್ಚು," ಎಂದಳು. ಇನ್ನೊಮ್ಮೆ ಚಪ್ಪಲಿ ಬಡಿದಾಯಿತು. ಎಲೆ ಅಡಿಕೆ ಜಗಿಯುವುದನ್ನು ಮರೆತ ಬಾಯಿ, ಅರಳಿದ ಕಣ್ಣು.

"ನೋಡ್ರೆ ನನ್ನ ತಮ್ಮ ಹೆಂಗ ನೋಡಾಕತ್ಯಾನ," ಎಂದಳು. "ಇವ ಯಾವತ್ತೂ ಹಿಂಗ ನೋಡಿದವನಲ್ಲ. ಕುರಿ ಅವಳಿ ಮರಿ ಹಾಕಿದಾಗೂ ಹಿಂಗ ನೋಡಿಲ್ಲ." ಬಾಗಿಲ ಕಡೆ ತಿರುಗಿದಳು. "ಹೌದಲೇ ಹುಡುಗೀ, ನೀ ಕುಣದೀ. ಖರೇ ಹೇಳ್ಯಾನ ಅಂವ."

ನಿಮ್ಮ ಅಜ್ಜ ಗೆದ್ದರು. ಅದಕ್ಕೆ ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ನಿಜ ಹೇಳಲೇ? ಅದರ ಜೊತೆಗೆ ಸಿಟ್ಟೂ ಬಂತು. ಬೆಳಗಿನಿಂದ ಹೆದರಿ ಸತ್ತಿದ್ದೇನೆ, ದೇವರ ಹತ್ತಿರ ಎರಡೆರಡು ಸಲ ಬೇಡಿಕೊಂಡಿದ್ದೇನೆ. ಕಂಡದ್ದು ಒಂದು ಮೊಣಕೈ! ನಾನು ಎಷ್ಟು ಚೆನ್ನಾಗಿ ಕುಣಿದಿದ್ದೆ ಗೊತ್ತೇ?

"ಅಷ್ಟೇನಾ?" ಎಂದುಬಿಟ್ಟೆ. ಬಾಗಿಲ ಹಿಂದಿನಿಂದ, ಎಲ್ಲರಿಗೂ ಕೇಳುವಂತೆ.

ಪಡಸಾಲೆಯ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ನಾನು ಅಡುಗೆಮನೆಗೆ ಓಡಿಹೋದೆ.

ಹಡಗಲಿ ಅಜ್ಜಿ ಮರುದಿನ ಬಸ್ಸಿಗೆ ಹೊರಟಳು. ಕಾನಹೊಸಹಳ್ಳಿಗೆ ಬಿಡಲು ನಿಮ್ಮಪ್ಪ ಗಾಡಿ ತೆಗೆಯುತ್ತಿದ್ದ. ಹೊರಟವಳು ತಿರುಗಿ ಅಡುಗೆಮನೆಗೆ ಬಂದಳು, ಬಾಗಿಲು ಮುಚ್ಚಿದಳು, ಬಗ್ಗಿ ತನ್ನ ಎರಡೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಅಡುಗೆಮನೆಯವರೆಗೆ ಚಪ್ಪಲಿ ಹಾಕಿಕೊಂಡು ಬಂದದ್ದಕ್ಕೆ ನಾನು ಬೈಯಬೇಕಿತ್ತು.

"ತಮ್ಮಗ ತೋರ್ಸೀದಿ. ನನಗ ತೋರ್ಸು," ಎಂದಳು. ಫಟ್, ಫಟ್.

ಹೇಗೆ ಕುಣಿದೆ ಎಂದು ನಾನು ಬರೆಯುವುದಿಲ್ಲ. ಬೇಕಿದ್ದರೆ ಹಡಗಲಿ ಅಜ್ಜಿಯನ್ನು ಕೇಳಿ, ಹೇಳುತ್ತಾಳೆ. ಆದರೆ ಅವಳು ಬರುವಾಗ ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಇಟ್ಟು ಕೀಲಿ ಹಾಕಿ.